ಜರ್ಮನಿಯ ಬಿಯರ್ ಸ್ಟೈನ್‌ನಲ್ಲಿ ಅಪ್ಪೆಮಿಡಿ ಹಾಕಬಹುದೇ?

ಸಾಗರದ ಓದುಗ:
ಎಲ್ಲರಿಗೂ ನಮಸ್ಕಾರ. ಬಹಳ ಹಿಂದೆ ಜರ್ಮನಿಯಲ್ಲಿ ಕೆಲಸದಲ್ಲಿದ್ದ ನಮ್ಮ ಸೋದರಮಾವ ತಂದಿದ್ದ ಬಿಯರ್ ಸ್ಟೈನ್ ಒಂದು, ಈ ಯುಗಾದಿಗೆ ಅಟ್ಟ ಗುಡಿಸುವಾಗ ಸಿಕ್ಕಿತು. ಬೂದು ಬಣ್ಣದ ಮೈಮೇಲೆ ಗಾಢ ನೀಲಿಯ ಹೂಬಳ್ಳಿಯಿದೆ. ಹಿಡಿಗೆ ಸೇರಿಸಿ ಕೂರಿಸಿದ ಲೋಹದ ಮುಚ್ಚಳವಿದೆ. ಮನೆಯಲ್ಲಿ ಕುಡಿಯುವವರು ಯಾರೂ ಇಲ್ಲದ ಕಾರಣ, ಅಮ್ಮ ಅದನ್ನು ತೊಳೆದು ಒಣಗಿಸಿ, ಅಪ್ಪೆಮಿಡಿಗೆ ಹೇಳಿ ಮಾಡಿಸಿದಂತಿದೆ ಎನ್ನುತ್ತಿದ್ದಾರೆ. ಸ್ಟೈನ್ ಎಂದರೆ ಕಲ್ಲು ಎಂದು ಕೇಳಿದ್ದೇನೆ. ಇದು ನಿಜಕ್ಕೂ ಕಲ್ಲಿನ ಪಾತ್ರೆಯೇ? ಬಿಯರ್ ಕುಡಿಯುವ ಪಾತ್ರೆಗೆ ಮುಚ್ಚಳವೇಕೆ?

ಶಿವಮೊಗ್ಗದ ಮಣ್ಣಿನ ಕೆಲಸದವ:
ಕಲ್ಲಲ್ಲ, ಮಣ್ಣೇ. ಆದರೆ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದು, ನೀರು ಹೀರದಷ್ಟು ಬಿಗಿಯಾದ ಮಣ್ಣು. ನಿಮ್ಮ ಮನೆಯ ಉಪ್ಪಿನಕಾಯಿ ಭರಣಿಯೂ ಇದೇ ಜಾತಿಯದು. ಜರ್ಮನರು ಈ ಮಣ್ಣಿಗೆ ‘ಸ್ಟೈನ್‌ತ್ಸೋಯ್ಗ್’ ಎನ್ನುತ್ತಾರೆ; ಕುಡಿಯುವ ಪಾತ್ರೆಯನ್ನು ಮಾತ್ರ ಅವರು ಸಾಮಾನ್ಯವಾಗಿ ‘ಕ್ರೂಗ್’ ಎಂದೇ ಕರೆಯುವುದು.

ನೀವು ಹೇಳಿದ ಬೂದು-ನೀಲಿ ಜೋಡಿ ವೆಸ್ಟರ್‌ವಾಲ್ಡ್ ಪ್ರದೇಶದ ಕುಂಬಾರರ ಗುರುತು. ಗೂಡು ಕಾದು ಕೆಂಪೇರಿದಾಗ ಅವರು ಒಳಗೆ ಅಡುಗೆ ಉಪ್ಪನ್ನೇ ಎರಚುತ್ತಿದ್ದರು. ಉಪ್ಪು ಆವಿಯಾಗಿ, ಅದರಲ್ಲಿನ ಸೋಡಿಯಂ ಮಣ್ಣಿನ ಸಿಲಿಕಾದೊಡನೆ ಕೂಡಿ, ಪಾತ್ರೆಯ ಮೈಮೇಲೆ ತೆಳುವಾದ ಗಾಜಿನ ಪೊರೆಯಾಗುತ್ತಿತ್ತು. ಕೈಯಾಡಿಸಿ ನೋಡಿ, ಕಿತ್ತಳೆ ಸಿಪ್ಪೆಯಂತೆ ಸಣ್ಣ ತಗ್ಗುಗಳು ಸಿಕ್ಕಿದರೆ ಅದು ಉಪ್ಪಿನದೇ ಮೆರುಗು. ಅಷ್ಟು ಶಾಖಕ್ಕೂ ಸುಟ್ಟುಹೋಗದೆ ಉಳಿಯುವ ಬಣ್ಣಗಳು ಬೆರಳೆಣಿಕೆಯಷ್ಟು. ಕೋಬಾಲ್ಟ್ ನೀಲಿ ಅವುಗಳಲ್ಲಿ ಮುಖ್ಯವಾದದ್ದು.

ತೀರ್ಥಹಳ್ಳಿಯ ಹಳೆಯ ಸದಸ್ಯ:
ಮುಚ್ಚಳದ ಬಗ್ಗೆ ಎರಡು ಮಾತು. ಪ್ಲೇಗಿನ ಕಾಲದಲ್ಲಿ ನೊಣಗಳಿಗೆ ಹೆದರಿ ಕಾನೂನೇ ಮಾಡಿ ಮುಚ್ಚಳ ಹಾಕಿಸಿದರೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅಷ್ಟು ದೊಡ್ಡ ಕಾರಣ ಬೇಕೆನಿಸುವುದಿಲ್ಲ. ಬವೇರಿಯಾದಲ್ಲಿ ಮರದಡಿ ಕುಳಿತು ಕುಡಿಯುವ ರೂಢಿ. ಎಲೆ, ಹುಳ ಬೀಳದಿರಲು ಮುಚ್ಚಳ ಬೇಕೇ ಬೇಕು. ಹಿಡಿ ಹಿಡಿದ ಕೈಯ ಹೆಬ್ಬೆರಳಿನಿಂದಲೇ ಎತ್ತುವಂತೆ ಅದಕ್ಕೊಂದು ಸನ್ನೆಗೋಲು ಇರುವುದನ್ನು ಗಮನಿಸಿ.

ಉಪ್ಪಿನಕಾಯಿಗೆ ತೊಡಕಾಗುವುದು ಆ ಮುಚ್ಚಳವೇ. ಅದು ಪ್ಯೂಟರ್, ಅಂದರೆ ಮುಖ್ಯವಾಗಿ ತವರದ ಮಿಶ್ರಲೋಹ. ನಮ್ಮ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ತವರವೇ ಆದರೂ, ಹಳೆಯ ಪ್ಯೂಟರಿನಲ್ಲಿ ಸೀಸವೂ ಬೆರೆತಿರುತ್ತಿತ್ತು. ಉಪ್ಪು, ಹುಳಿ, ಸೊನೆಯ ಸಂಗದಲ್ಲಿ ತಿಂಗಳುಗಟ್ಟಲೆ ಅದನ್ನು ಬಿಡುವುದು ಬೇಡ. ಒಲೆಯ ಹತ್ತಿರವೂ ಇಡಬೇಡಿ, ತವರ 232 ಡಿಗ್ರಿಗೇ ಕರಗುತ್ತದೆ. ಅಮ್ಮನವರಿಗೆ ಭರಣಿಯೇ ಕ್ಷೇಮ.

ಇನ್ನೊಂದು ವಿಷಯ: ಬಾಯಿಯ ಕೆಳಗೆ, ಹಿಡಿಯ ಪಕ್ಕದಲ್ಲಿ ಅಳತೆಯ ಗೆರೆಯಿದೆಯೇ? ಜರ್ಮನಿಯಲ್ಲಿ 1872ರಿಂದ ಮೆಟ್ರಿಕ್ ಅಳತೆ ಕಡ್ಡಾಯವಾಯಿತು. ಹಾಗಾಗಿ ಗೆರೆಯ ಬಳಿ ಲೀಟರಿನ ಗುರುತಿದ್ದರೆ ಪಾತ್ರೆ ಸಾಮಾನ್ಯವಾಗಿ ಅದರ ನಂತರದ್ದು. ಮಣ್ಣಿನ ಪಾತ್ರೆಯಲ್ಲಿ ಎಷ್ಟು ಸುರಿದರೆಂದು ಗಿರಾಕಿಗೆ ಕಾಣುವುದಿಲ್ಲ. ಗಾಜಿನ ಲೋಟ ಅಗ್ಗವಾದ ಮೇಲೆ ಸ್ಟೈನ್ ಹಿಂದೆ ಸರಿಯಲು ಇದೂ ಒಂದು ಕಾರಣವಿರಬೇಕು. ಕಡಿಮೆ ಸುರಿಯುವವರ ವಿರುದ್ಧ ಮ್ಯೂನಿಕ್‌ನಲ್ಲಿ ಒಂದು ಸಂಘವೇ ಹುಟ್ಟಿಕೊಂಡಿತ್ತು!

ಸಾಗರದ ಓದುಗ:
ಇಬ್ಬರಿಗೂ ಧನ್ಯವಾದಗಳು. ಗೆರೆಯಿದೆ, ಪಕ್ಕದಲ್ಲಿ 0.5 ಎಂಬ ಗುರುತೂ ಇದೆ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಸುರಿದು, ಒಳಗೆ ಕಡ್ಡಿಯಿಟ್ಟು ಅಳೆದಾಗ ಸರಿಯಾಗಿ ಗೆರೆಗೇ ಬಂತು. ಮಿಡಿ ಭರಣಿಗೆ ಹೋಯಿತು. ಸ್ಟೈನ್‌ನಲ್ಲಿ ಸದ್ಯಕ್ಕೆ ಅಪ್ಪನ ಪೆನ್ನು ಮತ್ತು ಅಡಿಕೆ ಕತ್ತರಿ ಇವೆ. ಮುಚ್ಚಳ ಮುಚ್ಚಲಾಗುತ್ತಿಲ್ಲವೆಂಬುದು ಅಮ್ಮನ ಈಗಿನ ತಕರಾರು.