ರಿಯಾಕ್ಟ್ ಕಾಂಪೊನೆಂಟ್ ಲೈಬ್ರರಿ ಎನ್‌ಪಿಎಂಗೆ ಹಾಕುವಾಗ ಹುಕ್ ಎರರ್, ಸ್ಟೈಲೂ ಬರ್ತಿಲ್ಲ

ಪ್ರಶ್ನೆ: ಬಟನ್, ಮೋಡಲ್, ಟೇಬಲ್ ಕೋಡನ್ನು ಪ್ರತಿ ಪ್ರಾಜೆಕ್ಟ್‌ಗೂ ಕಾಪಿ ಮಾಡೋದು ಬೇಡ ಅಂತ ಒಂದು ಲೈಬ್ರರಿ ಮಾಡಿ, ವೀಟ್ ಎಂಬ ಬಿಲ್ಡ್ ಟೂಲ್‌ನ ಲೈಬ್ರರಿ ಮೋಡ್‌ನಲ್ಲಿ ಬಿಲ್ಡ್ ಮಾಡಿದೆ. ಎನ್‌ಪಿಎಂಗೆ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರ) ಹಾಕೋ ಮುಂಚೆ ಎನ್‌ಪಿಎಂ ಲಿಂಕ್ (ಫೋಲ್ಡರನ್ನೇ ಆ್ಯಪ್‌ಗೆ ಜೋಡಿಸೋ ಕಮಾಂಡ್) ಕೊಟ್ಟು ಬೇರೆ ಆ್ಯಪ್‌ನಲ್ಲಿ ನೋಡಿದ್ರೆ 'ಇನ್‌ವ್ಯಾಲಿಡ್ ಹುಕ್ ಕಾಲ್' ಅನ್ನುತ್ತೆ, ಬಟನ್‌ಗೆ ಸ್ಟೈಲೂ ಇಲ್ಲ. ಎಲ್ಲಿ ನೋಡಬೇಕು ಸರ್?

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ.

ಹುಕ್ ಅಂದ್ರೆ ಯೂಸ್‌ಸ್ಟೇಟ್‌ನಂಥ ರಿಯಾಕ್ಟ್ ಫಂಕ್ಷನ್. ಒಂದೇ ಪುಟದಲ್ಲಿ ರಿಯಾಕ್ಟ್‌ನ ಎರಡು ಪ್ರತಿ ಇದ್ದಾಗ ಹುಕ್ ಎರರ್ ಬರುತ್ತೆ. ರೆಂಡರ್ ಆಗುವಾಗ ರಿಯಾಕ್ಟ್-ಡಾಮ್ (ಪುಟದಲ್ಲಿ ತೋರಿಸುವ ಪ್ಯಾಕೇಜ್) ತನ್ನ ಡಿಸ್ಪ್ಯಾಚರನ್ನು (ಹುಕ್ ಕರೆಗಳನ್ನು ನಿಭಾಯಿಸುವ ಭಾಗ) ಆ್ಯಪ್‌ನ ರಿಯಾಕ್ಟ್ ಒಳಗೆ ಇಡುತ್ತೆ. ನಿಮ್ಮ ಲೈಬ್ರರಿ ಹೊತ್ತು ತಂದ ರಿಯಾಕ್ಟ್‌ನಲ್ಲಿ ಆ ಜಾಗ ನಲ್, ಅಂದ್ರೆ ಖಾಲಿ. ಯೂಸ್‌ಸ್ಟೇಟ್ ಅಲ್ಲೇ ಮುಗ್ಗರಿಸುತ್ತೆ.

ಪ್ಯಾಕೇಜ್ ಜೇಸನ್‌ನ ಡಿಪೆಂಡೆನ್ಸೀಸ್‌ನಿಂದ ರಿಯಾಕ್ಟ್, ರಿಯಾಕ್ಟ್-ಡಾಮ್ ತೆಗೆದು ಪೀರ್ ಡಿಪೆಂಡೆನ್ಸೀಸ್‌ಗೆ (ಬಳಸುವ ಆ್ಯಪ್ ಒದಗಿಸಬೇಕಾದವು) ಹಾಕಿ. ವರ್ಷನ್ ^18.0.0 || ^19.0.0 ಅಂತ ಸಡಿಲವಾಗಿರಲಿ. ನಿಮ್ಮ ಟೆಸ್ಟ್‌ಗೆ ಬೇಕಾದ್ದರಿಂದ ಡೆವ್ ಡಿಪೆಂಡೆನ್ಸೀಸ್‌ನಲ್ಲೂ ಇರಲಿ. ಇಷ್ಟೇ ಸಾಲದು: ಪೀರ್‌ನಲ್ಲಿದೆ ಅಂತ ವೀಟ್ ತಾನಾಗಿ ಹೊರಗಿಡೋದಿಲ್ಲ. ಬಿಲ್ಡ್ ಕಾನ್ಫಿಗ್‌ನ ಎಕ್ಸ್‌ಟರ್ನಲ್ ಪಟ್ಟಿಯಲ್ಲಿ ರಿಯಾಕ್ಟ್, ರಿಯಾಕ್ಟ್-ಡಾಮ್, ರಿಯಾಕ್ಟ್/ಜೆಎಸ್ಎಕ್ಸ್-ರನ್‌ಟೈಮ್ ಮೂರನ್ನೂ ಬರೆಯಿರಿ. ಬಹುತೇಕ ಜನ ಮರೆಯೋದು ಮೂರನೆಯದನ್ನೇ. ಬರೀ ರಿಯಾಕ್ಟ್ ಅಂತ ಬರೆದರೆ ಆ ಹೆಸರಿಗೆ ಮಾತ್ರ ಹೊಂದುತ್ತೆ, ಅದರ ಒಳದಾರಿಗಳಿಗೆ ಅಲ್ಲ.

ಇದೆಲ್ಲ ಸರಿಯಿದ್ದರೂ ಎನ್‌ಪಿಎಂ ಲಿಂಕ್‌ನಲ್ಲಿ ಅದೇ ಎರರ್ ಬರಬಹುದು. ಲಿಂಕ್ ಮಾಡಿದ ಫೋಲ್ಡರ್‌ನ ಸ್ವಂತ ನೋಡ್ ಮಾಡ್ಯೂಲ್ಸ್‌ನಲ್ಲೇ ಒಂದು ರಿಯಾಕ್ಟ್ ಇರುತ್ತಲ್ಲ. ಅದಕ್ಕೇ ಲಿಂಕ್ ಬಿಡಿ. ಎನ್‌ಪಿಎಂ ಪ್ಯಾಕ್ ಕೊಟ್ಟು, ಬರುವ ಟಿಜಿಝಡ್ ಫೈಲನ್ನು ಆ್ಯಪ್‌ನಲ್ಲಿ ಇನ್‌ಸ್ಟಾಲ್ ಮಾಡಿ ನೋಡಿ. ಬಳಸುವವರ ಕೈಗೆ ಸಿಗೋದೂ ಅದೇ.

ಸ್ಟೈಲ್: ಲೈಬ್ರರಿ ಮೋಡ್‌ನಲ್ಲಿ ಸಿಎಸ್ಎಸ್ ಬೇರೆ ಫೈಲಾಗಿ ಬರುತ್ತೆ, ಜೆಎಸ್ ಅದನ್ನು ಇಂಪೋರ್ಟ್ ಮಾಡೋದಿಲ್ಲ. ಆ್ಯಪ್‌ನಲ್ಲಿ ಒಮ್ಮೆ ಇಂಪೋರ್ಟ್ ಮಾಡಿ ಅಂತ ರೀಡ್‌ಮಿಯಲ್ಲಿ ಹೇಳಿ. ಪ್ಯಾಕೇಜ್ ಜೇಸನ್‌ನಲ್ಲಿ ಎಕ್ಸ್‌ಪೋರ್ಟ್ಸ್ (ಹೊರಗಿನವರು ಇಂಪೋರ್ಟ್ ಮಾಡಬಹುದಾದ ದಾರಿಗಳ ಪಟ್ಟಿ) ಬಳಸಿದ್ದರೆ ಆ ಸಿಎಸ್ಎಸ್ ದಾರಿಯೂ ಅಲ್ಲಿರಬೇಕು, ಪಟ್ಟಿಯಲ್ಲಿಲ್ಲದ್ದು ಹೊರಗಿನವರಿಗೆ ಸಿಗೋದಿಲ್ಲ. ಅಲ್ಲೇ ಸೈಡ್‌ಎಫೆಕ್ಟ್ಸ್ ಫಾಲ್ಸ್ (ಬಳಸದ ಇಂಪೋರ್ಟ್ ಬಿಟ್ಟರೂ ನಡೆಯುತ್ತೆ) ಅಂತ ಕೊಟ್ಟಿದ್ದರೆ ವೆಬ್‌ಪ್ಯಾಕ್ ಎಂಬ ಬಿಲ್ಡ್ ಟೂಲ್ ಆ ಇಂಪೋರ್ಟನ್ನೇ ಎಸೆದುಬಿಡುತ್ತೆ. ಫಾಲ್ಸ್ ಬದಲು ಸಿಎಸ್ಎಸ್ ಫೈಲುಗಳ ಪ್ಯಾಟರ್ನ್ ಕೊಡಿ.

ಮರುಪ್ರಶ್ನೆ: ಪ್ಯಾಕ್ ಮಾಡಿ ಹಾಕಿದ ಮೇಲೆ ಎರಡೂ ಸರಿಹೋಯ್ತು, ಥ್ಯಾಂಕ್ಸ್. ಈಗ ಪಬ್ಲಿಷ್ ಕೊಟ್ರೆ 402 (ಪೇಮೆಂಟ್ ರಿಕ್ವೈರ್ಡ್) ಎರರ್ ಬರ್ತಿದೆ. ದುಡ್ಡು ಕಟ್ಟಬೇಕಾ? ಟೈಪ್‌ಸ್ಕ್ರಿಪ್ಟ್ ಟೈಪ್‌ಗಳೂ ಸಿಗ್ತಿಲ್ಲ.

ಉತ್ತರ: ಕಟ್ಟಬೇಕಿಲ್ಲ. ಹೆಸರು @ನಿಂದ ಶುರುವಾದರೆ ಎನ್‌ಪಿಎಂ ಅದನ್ನು ಖಾಸಗಿ ಪ್ಯಾಕೇಜ್ ಅಂದ್ಕೊಳ್ಳುತ್ತೆ, ಖಾಸಗಿಗೆ ಮಾತ್ರ ಶುಲ್ಕ. ಮೊದಲ ಸಲ ಎನ್‌ಪಿಎಂ ಪಬ್ಲಿಷ್ --ಆ್ಯಕ್ಸೆಸ್ ಪಬ್ಲಿಕ್ ಕೊಡಿ. ಟೈಪ್ ಫೈಲುಗಳನ್ನು ವೀಟ್ ಹುಟ್ಟಿಸೋದಿಲ್ಲ, ಬಿಲ್ಡ್ ಸ್ಕ್ರಿಪ್ಟ್‌ಗೆ ಟಿಎಸ್‌ಸಿಯನ್ನೂ (ಟೈಪ್‌ಸ್ಕ್ರಿಪ್ಟ್ ಕಂಪೈಲರ್) ಸೇರಿಸಿ, ಅದು ಡಿಕ್ಲರೇಷನ್ (ಟೈಪ್ ಫೈಲು) ಮಾತ್ರ ಹೊರಡಿಸಲಿ. ಎಕ್ಸ್‌ಪೋರ್ಟ್ಸ್ ಒಳಗೆ ಟೈಪ್ಸ್ ಮೊದಲು, ಡೀಫಾಲ್ಟ್ ಕೊನೆಗೆ. ಮೇಲಿನಿಂದ ಓದುತ್ತಾ ಮೊದಲು ಹೊಂದಿದ್ದನ್ನೇ ಹಿಡಿಯೋದರಿಂದ ಈ ಕ್ರಮ ಮುಖ್ಯ.

ಇನ್ನೊಬ್ಬ ಸದಸ್ಯರು: ಪಬ್ಲಿಷ್‌ಗೆ ಮುಂಚೆ ಎನ್‌ಪಿಎಂ ಪ್ಯಾಕ್ --ಡ್ರೈ-ರನ್ ಕೊಟ್ಟು ಫೈಲ್ ಪಟ್ಟಿ ಓದಿ. ಪ್ಯಾಕೇಜ್ ಜೇಸನ್‌ನ ಫೈಲ್ಸ್‌ನಲ್ಲಿ ಡಿಸ್ಟ್ (ಬಿಲ್ಡ್ ಆದ ಫೋಲ್ಡರ್) ಮಾತ್ರ ಇರಲಿ, ಇಲ್ಲದಿದ್ರೆ ಗುಟ್ಟಿನ ಕೀ ಇರೋ ಎನ್ವ್ ಫೈಲೂ ಹೊರಟುಹೋಗಬಹುದು. ಒಮ್ಮೆ ಹೋದ ವರ್ಷನ್ ನಂಬರನ್ನು ಅನ್‌ಪಬ್ಲಿಷ್ ಮಾಡಿದರೂ ಮತ್ತೆ ಬಳಸೋಕಾಗಲ್ಲ. ಪ್ರಯೋಗದ ವರ್ಷನ್ ಆದರೆ --ಟ್ಯಾಗ್ ಬೀಟಾ ಜೊತೆ ಕಳಿಸಿ.