ಹಿರಿಯರ ವಸತಿ ಸಮುಚ್ಚಯದ ಆಟದ ಕೂಟಕ್ಕೆ ಯಾವ ಬೋರ್ಡ್ ಆಟಗಳು ಸೂಕ್ತ?

ಪ್ರಶ್ನೆ: ನಮ್ಮ ನಿವೃತ್ತರ ವಸತಿ ಸಮುಚ್ಚಯದಲ್ಲಿ ಬೋರ್ಡ್ ಆಟಗಳ ಕೂಟವೊಂದನ್ನು ಆರಂಭಿಸಬೇಕೆಂದಿದ್ದೇನೆ. ಹಲವರ ದೃಷ್ಟಿ ಮಂದವಾಗಿದೆ, ಕೆಲವರ ಬೆರಳುಗಳಲ್ಲಿ ಸಂಧಿವಾತವಿದೆ. ಯಾವ ಆಟದಿಂದ ತೊಡಗಬೇಕು?

ಉತ್ತರ: ಬಿಲ್ಲೆಗಳನ್ನು ಬಣ್ಣ ಅಥವಾ ಆಕಾರದಿಂದ ಹೊಂದಿಸಿ ಜೋಡಿಸುವ, 2006ರಲ್ಲಿ ಬಂದ ಕ್ವರ್ಕಲ್ ಒಳ್ಳೆಯ ಆರಂಭ. ಅದರ ಮರದ ಬಿಲ್ಲೆಗಳು ದಪ್ಪವಾಗಿರುವುದರಿಂದ ನಡುಗುವ ಕೈಗೂ ಹಿಡಿತ ಸಿಗುತ್ತದೆ, ಓದಬೇಕಾದ ಬರಹವೂ ಇಲ್ಲ. ಆದರೆ ಮಂದ ಬೆಳಕಿನಲ್ಲಿ ಕೆಂಪು ಮತ್ತು ಕಿತ್ತಳೆ ಬಿಲ್ಲೆಗಳು ಒಂದೇ ರೀತಿ ಕಾಣುವುದರಿಂದ ಮೇಜಿಗೆ ಪ್ರಖರವಾದ ದೀಪವಿರಲಿ. ಇಸ್ಪೀಟಿಗಾದರೆ ದೊಡ್ಡಕ್ಷರದ ಎಲೆಗಳೂ ಅವುಗಳನ್ನು ನಿಲ್ಲಿಸುವ ಸ್ಟ್ಯಾಂಡ್‌ಗಳೂ ದೊರೆಯುತ್ತವೆ.

ಉತ್ತರ: ಸೋಲಿಗೆ ಅಂಜುವವರಿಗೆ ಎಲ್ಲರೂ ಒಂದೇ ಪಕ್ಷವಾಗಿ ಆಡುವ ಪ್ಯಾಂಡೆಮಿಕ್‌ನಂತಹ ಸಹಕಾರಿ ಆಟ ಹಿಡಿಸೀತು. ಆದರೆ ಅನುಭವಿಯೊಬ್ಬರು ಎಲ್ಲರ ನಡೆಗಳನ್ನೂ ನಿರ್ಧರಿಸತೊಡಗಿದರೆ ಉಳಿದವರು ಬರಿಯ ಪ್ರೇಕ್ಷಕರಾಗುತ್ತಾರೆ; ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ.

ಉತ್ತರ: 75 ವರ್ಷ ಮೀರಿದ 469 ಜನರನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನವು ಬೋರ್ಡ್ ಆಟಗಳಿಗೂ ಮರೆಗುಳಿ ಕಾಯಿಲೆಯ (ಡಿಮೆನ್ಶಿಯಾ) ಕಡಿಮೆ ಅಪಾಯಕ್ಕೂ ನಂಟನ್ನು ಕಂಡಿತ್ತಾದರೂ ಕಾರಣವನ್ನು ಸಾಬೀತುಪಡಿಸಲಿಲ್ಲ. ಆದ್ದರಿಂದ ಚಿಕಿತ್ಸೆಯೆಂದಲ್ಲ, ಆಟವೆಂದೇ ಕರೆಯಿರಿ.