ಸಹಾಯ ಬೇಕು: ‘ಸಿಂಕ್’ (sinc) ಹೆಸರಿನ ಕೊನೆಯ ‘ಸಿ’ ಎಲ್ಲಿಂದ ಬಂತು?

ನಮಸ್ಕಾರ. ಸಿಗ್ನಲ್ ಪ್ರೊಸೆಸಿಂಗ್ (ಧ್ವನಿ, ರೇಡಿಯೊದಂಥ ಸಂಕೇತಗಳನ್ನು ಗಣಿತದಿಂದ ಸಂಸ್ಕರಿಸುವ ವಿದ್ಯೆ) ಫಂಕ್ಷನ್‌ಗಳಿಗೆ ಹೆಸರು ಬಂದ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಸೆಪ್ಸ್ಟ್ರಮ್’ (ಸ್ಪೆಕ್ಟ್ರಮ್‌ನ ಲಾಗರಿದಮ್‌ನಿಂದ ಪಡೆಯುವ ಫಂಕ್ಷನ್) ಒಗಟು ಬೇಗ ಬಿಡಿಸಿಕೊಂಡಿತು: 1963ರಲ್ಲಿ ಬೋಗರ್ಟ್, ಹೀಲಿ, ಟ್ಯೂಕಿ ಮೂವರೂ ‘ಸ್ಪೆಕ್ಟ್ರಮ್’ ಪದದ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ (spec → ceps) ಕಟ್ಟಿದ್ದು. ಎಷ್ಟು ಚೆಂದದ ಆಟ! ‘ಹ್ಯಾನಿಂಗ್’ ವಿಂಡೋ (ಸಿಗ್ನಲ್ ತುಣುಕಿನ ಅಂಚುಗಳನ್ನು ಮೆಲ್ಲಗೆ ಸೊನ್ನೆಗಿಳಿಸುವ ಫಂಕ್ಷನ್) ಆಸ್ಟ್ರಿಯಾದ ಹವಾಮಾನ ವಿಜ್ಞಾನಿ ಯೂಲಿಯಸ್ ಫಾನ್ ಹಾನ್ ಹೆಸರಿನದು.

ಸಿಕ್ಕಿಕೊಂಡಿರುವುದು ‘ಸಿಂಕ್’ನಲ್ಲಿ, ಅಂದರೆ sin x / x ಎಂಬ ಫಂಕ್ಷನ್‌ನ ಹೆಸರಿನಲ್ಲಿ. ವುಡ್‌ವರ್ಡ್ ಮತ್ತು ಡೇವಿಸ್ 1952ರ ಪ್ರಬಂಧದಲ್ಲಿ ಇದನ್ನು ಬಳಸಿದರು. ‘ಸೈನಸ್ ಕಾರ್ಡಿನಾಲಿಸ್’ ಎಂಬ ವಿಸ್ತರಣೆ ಎಲ್ಲೆಡೆ ಕಾಣುತ್ತದೆ. ಗಣಿತಜ್ಞ ವಿಟ್ಟೇಕರ್ 1915ರಲ್ಲೇ ಇದಕ್ಕೆ ಸಂಬಂಧಿಸಿದ ಫಂಕ್ಷನ್ ಒಂದನ್ನು ‘ಕಾರ್ಡಿನಲ್ ಫಂಕ್ಷನ್’ ಎಂದಿದ್ದರು. ಹಾಗಾದರೆ ಆ ಲ್ಯಾಟಿನ್ ವಿಸ್ತರಣೆ ವುಡ್‌ವರ್ಡ್ ಅವರದೇ, ಆಮೇಲೆ ಯಾರೋ ಜೋಡಿಸಿದ್ದೇ? ಮೂಲ ಪ್ರಬಂಧ ಓದಿದವರು ದಯವಿಟ್ಟು ತಿಳಿಸಿ. ಆ ಪುಟದ ಫೋಟೋ ಸಿಕ್ಕರಂತೂ ದೊಡ್ಡ ಉಪಕಾರ.